ಒಂಬತ್ತು ಗದ್ದೆಗಳ ಕೂಗು

ಈಗಿನ ಮಕ್ಕಳಿಗೆ ಬಾಲ್ಯವೇ ಇಲ್ಲ ಎಂದು ಹೇಳುವವರು ಬಹಳ. ಮದುವೆ ಮನೆಯ ಪಂಕ್ತಿಯಲ್ಲಿ ಇದೇ ಮಾತು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರದೂ ಇದೇ ಮಾತು. ಟಿ.ವಿ. ಬಂತು, ಟ್ಯೂಶನ್ ಬಂತು, ಎಲ್ಲ ಹಾಳಾಯಿತು ಎನ್ನುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಮ್ಮ ಕೇರಿಯ ಮಟ್ಟಿಗೆ ಆ ಹಾಳನ್ನು ತಂದವಳು ನಾನು. ನನ್ನ ಬಿ.ಎ. ಪದವಿಯ ಜೊತೆಗೇ ತಂದೆ. ಆ ಪದವಿಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ನಮ್ಮ ಸಿದ್ದಿ ಕೇರಿಯಲ್ಲಿ ಅದಕ್ಕೂ ಮೊದಲು ಏಳನೆಯ ಇಯತ್ತೆ ದಾಟಿದವರಿರಲಿಲ್ಲ. ಹೆಮ್ಮೆಯನ್ನು ಬಿಟ್ಟುಕೊಡದೆ ಇದನ್ನು ಬರೆಯಬೇಕು ಎಂದುಕೊಂಡು ಕುಳಿತಿದ್ದೇನೆ. ಹೇಗೆ ಬರೆಯುವುದೆಂದು ಇನ್ನೂ ಗೊತ್ತಾಗಿಲ್ಲ.

ನಮ್ಮ ಕೇರಿ ಮುಂಡಗೋಡ ತಾಲೂಕಿನಲ್ಲಿ, ಅತ್ತಿವೇರಿಯ ಕಡೆ, ಕಾಡಿಗೆ ಹತ್ತಿಕೊಂಡು ಇತ್ತು. ಒಂಬತ್ತು ಮನೆ, ಒಂಬತ್ತು ಗದ್ದೆ. ಗದ್ದೆ ಎಂದರೆ ಹೇಳಿಕೊಳ್ಳುವಂಥದ್ದೇನಲ್ಲ. ನಾಲ್ಕೈದು ತಿಂಗಳ ಅಕ್ಕಿಯಾದರೆ ಹೆಚ್ಚು. ಹೀಗಾಗಿ ಅಪ್ಪ ಅವ್ವ ವರ್ಷವಿಡೀ ಚಿಗಳ್ಳಿಯ ಕಡೆ ಕೂಲಿಗೆ ಹೋಗುತ್ತಿದ್ದರು. ಭತ್ತ ಹಾಲು ತುಂಬುವ ಹೊತ್ತಿಗೆ ಗದ್ದೆ ಕಾಯುವುದು ಮಕ್ಕಳ ಪಾಲಿಗೆ ಬರುತ್ತಿತ್ತು. ಆ ದಿನಗಳಲ್ಲಿ ನಾವು ಶಾಲೆಗೆ ಹೋದರೆ ಹೋದೆವು, ಇಲ್ಲದಿದ್ದರೆ ಇಲ್ಲ. ಮಾಸ್ತರರೂ ಕೇಳುತ್ತಿರಲಿಲ್ಲ.

ಗದ್ದೆಗೊಂದು ಅಟ್ಟ. ನಾಲ್ಕು ಕಂಬ, ಮೇಲೆ ಬಿದಿರಿನ ಹಾಸು, ನೆರಳಿಗೆ ಒಂದಿಷ್ಟು ಹುಲ್ಲು. ಬೆಳಿಗ್ಗೆ ಗಂಜಿ ಕುಡಿದು ಹತ್ತಿದರೆ ಇಳಿಯುವುದು ಹೊತ್ತು ಮುಳುಗುವಾಗ. ಗಿಳಿಗಳು ಹಿಂಡು ಹಿಂಡಾಗಿ ಬಂದು ಎರಗುತ್ತಿದ್ದವು. ಕವಣೆ ಇತ್ತು, ಬಡಿಯಲು ತಗಡಿನ ಡಬ್ಬಿ ಇತ್ತು, ಆದರೆ ಹೆಚ್ಚು ಕೆಲಸ ಮಾಡುತ್ತಿದ್ದುದು ಗಂಟಲು. ಪ್ರತಿ ಮನೆಗೂ ಅದರದೇ ಒಂದು ಕೂಗು. ಮೊದಲು ಯಾರು ಕೂಗಿದರೋ ಗೊತ್ತಿಲ್ಲ, ಅಪ್ಪ ಚಿಕ್ಕವನಿದ್ದಾಗ ಕೂಗಿದ್ದನ್ನೇ ನಾನೂ ಕೂಗಿದೆ. ನಮ್ಮದು ಎರಡು ಮೊಟಕು, ಆಮೇಲೆ ಒಂದು ಉದ್ದ, ಕೊನೆಗೆ ಗಂಟಲಲ್ಲೇ ಒಡೆದು ಮೇಲೇರಬೇಕು. ಪಕ್ಕದ ಗದ್ದೆಯದು ಕೆಳಗಿನಿಂದ ಸುತ್ತಿಕೊಂಡು ಬರುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಯಾವ ಮನೆಯ ಮಗು ಎಂದು ಹೇಳಬಹುದಿತ್ತು.

ಹೊತ್ತು ಮುಳುಗುವಾಗ ಕೂಗಿಗೆ ಬೇರೆ ಕೆಲಸ. ಕಾಡಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಗದ್ದೆಯ ಮಗು ಮೊದಲು ಕೂಗಬೇಕು. ಅದನ್ನು ಕೇಳಿ ಎರಡನೆಯ ಗದ್ದೆ, ಅದನ್ನು ಕೇಳಿ ಮೂರನೆಯದು, ಹೀಗೆ ಕೇರಿಯ ಬಾಯಿಗಿದ್ದ ಒಂಬತ್ತನೆಯ ಗದ್ದೆಯವರೆಗೆ. ಒಂಬತ್ತೂ ಆದ ಮೇಲೆ ಎಲ್ಲರೂ ಒಟ್ಟಿಗೇ ಇಳಿದು ಮನೆಗೆ ಬರುವುದು. ನಡುವೆ ಒಂದು ಕೂಗು ಬರದಿದ್ದರೆ ಯಾರೂ ಇಳಿಯುವಂತಿಲ್ಲ. ಎಣಿಕೆ ತಪ್ಪಿದ್ದು ಕೇರಿಯಲ್ಲಿದ್ದ ದೊಡ್ಡವರಿಗೆ ತಿಳಿದು ಅವರು ಬಡಿಗೆ ಹಿಡಿದು ಓಡಿ ಬರುತ್ತಿದ್ದರು. ಕರಡಿ, ಹಂದಿ, ಹಾವು, ಹೆದರುವುದಕ್ಕೆ ಕಾರಣಗಳಿದ್ದವು. ಹೆಚ್ಚಿನ ಸಲ ಮಗು ಅಟ್ಟದ ಮೇಲೆ ನಿದ್ದೆಹೋಗಿರುತ್ತಿತ್ತು, ಅಷ್ಟೇ.

ದೊಡ್ಡವರಿಗೆ ಇದು ಮಕ್ಕಳ ಸುರಕ್ಷತೆಯ ಲೆಕ್ಕ. ನಮಗೆ ಇಡೀ ದಿನ ಕಾಯುತ್ತಿದ್ದ ಸುಖ. ಹಸಿವಿತ್ತು, ಮೈಯೆಲ್ಲ ತುರಿಕೆ ಇತ್ತು, ಮಳೆ ಬಂದರೆ ನೆನೆಯುತ್ತಿದ್ದೆವು. ಅದೆಲ್ಲ ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಕತ್ತಲಾಗುವ ಹೊತ್ತಿಗೆ ನಾನು ಕೂಗಿದ್ದಕ್ಕೆ ಆಚೆಯಿಂದ ಇನ್ನೊಬ್ಬರು ಕೂಗುತ್ತಿದ್ದರಲ್ಲ, ಆಗ ಎದೆಯಲ್ಲಿ ಆಗುತ್ತಿದ್ದ ಖುಷಿಯನ್ನು ಆಮೇಲೆ ನಾನು ಪಡೆದ ಯಾವುದೂ ಕೊಟ್ಟಿಲ್ಲ. ಬಿ.ಎ. ಫಲಿತಾಂಶವೂ ಕೊಡಲಿಲ್ಲ.

ನನ್ನ ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ನಾನು ಓದಲೆಂದು ದಾಂಡೇಲಿಗೆ ಹೋದ ಮೇಲೆ ನಮ್ಮ ಅಟ್ಟಕ್ಕೆ ಅವಳು ಹತ್ತಿದಳು. ಅವಳಂಥ ಗಂಟಲು ಕೇರಿಯಲ್ಲಿ ಮತ್ತೊಂದಿರಲಿಲ್ಲ. ನಮ್ಮ ಮನೆಯದಷ್ಟೇ ಅಲ್ಲ, ಒಂಬತ್ತು ಮನೆಯ ಕೂಗೂ ಅವಳಿಗೆ ಬರುತ್ತಿತ್ತು. ಅದು ನಮಗೆ ಗೊತ್ತಾದದ್ದು ಒಂದು ದೀಪಾವಳಿಯ ರಜೆಯಲ್ಲಿ, ನಾನು ಊರಿಗೆ ಬಂದಿದ್ದಾಗ.

ಅವತ್ತು ಸಂಜೆ ನಾನು ಅವ್ವನ ಜೊತೆ ಅಂಗಳದಲ್ಲಿ ಕುಳಿತಿದ್ದೆ. ಗದ್ದೆಗಳ ಕಡೆಯಿಂದ ಕೂಗು ಶುರುವಾಯಿತು. ಒಂದು, ಎರಡು, ಮೂರು. ನಾಲ್ಕನೆಯ ಕೂಗು ಬಂದದ್ದೇ ತಡ, ಪಕ್ಕದ ಮನೆಯಾಕೆ ಹೊರಗೆ ಓಡಿ ಬಂದಳು.

"ಏ ಯವ್ವಾ, ನನ್ನ ಮಗ ಜ್ವರಾ ಬಂದು ಇಲ್ಲೇ ಮಲಗ್ಯಾನ! ಅಲ್ಲೆ ಕೂಗಾಂವ ಯಾಂವ?"

"ಅವನ ದೆವ್ವ ಇರಬೇಕು ತಗೊ," ಎಂದಳು ಅವ್ವ. "ಮಗಾ ಮಲಗಿದ್ರೂ ದೆವ್ವ ಗದ್ದಿ ಕಾಯ್ತೈತಿ. ನಿನ್ನ ನಸೀಬ ಛಲೋ ಐತಿ."

ಅಪ್ಪ ಮಾತ್ರ ಕಿವಿ ಕೊಟ್ಟು ಕೇಳುತ್ತಿದ್ದ. ಒಂಬತ್ತೂ ಮುಗಿದ ಮೇಲೆ ಮೆಲ್ಲಗೆ ನಕ್ಕ. "ದೆವ್ವ ಅಲ್ಲ. ನಮ್ಮ ಮನ್ಯಾಗಿನ ಪಿಶಾಚಿ," ಎಂದು ಬಡಿಗೆ ಹಿಡಿದು ದಾರಿಗೆ ನಿಂತ.

ತಂಗಿ ಒಬ್ಬಳೇ ಬಂದಳು.

"ಉಳಿದಾವ್ರೆಲ್ಲೆ?"

"ಬರ್ತಾರ."

"ಎಲ್ಲಿಂದ ಬರ್ತಾರ?"

ಅವಳು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದರಿದಳು. "ಅತ್ತಿವೇರಿ ಕೆರಿಯಿಂದ. ನೀರು ತುಂಬೈತಂತ, ಹಕ್ಕಿ ಬಂದಾವಂತ. ನೋಡಾಕ ಹೋಗ್ಯಾರ."

"ಮತ್ತ ಇಲ್ಲೆ ಕೂಗಿದಾವ್ರು?"

"ಅವರ."

"ಈ ಜ್ವರದಾಂವನೂ ಕೂಗಿದ್ನೇನ?"

ತಂಗಿ ಪಕ್ಕದ ಮನೆಯ ಕಡೆ ನೋಡಿದಳು. ಅವಳ ಮುಖ ಸಿಟ್ಟಿನಿಂದ ಉಬ್ಬಿತು. "ಅಂವಗ ಜ್ವರಾ ಬಂದಿದ್ದು ನಂಗ ಯಾರೂ ಹೇಳಲೇ ಇಲ್ಲ! ಅಂವನೂ ಹೋಗ್ಯಾನ ಅಂತ ತಿಳಿದ್ನಿ," ಎಂದಳು, ತಪ್ಪೆಲ್ಲ ನಮ್ಮದೇ ಎಂಬಂತೆ. ಅವ್ವ ನಗುತ್ತಲೇ ಎರಡು ಬಿಟ್ಟಳು. ಎಂಟು ಗದ್ದೆಗಳಲ್ಲಿ ಗಿಳಿಗಳು ತಿಂದು ಹೋಗಿದ್ದವು. ಕೇರಿಯವರು ಬೈದರು, ಬೈಯುತ್ತ ಬೈಯುತ್ತ ನಕ್ಕರು. ಆಗ ಅವಳಿಗೆ ಎಂಟು ವರ್ಷ.

ದಾಂಡೇಲಿಯಲ್ಲಿ ನಾನಿದ್ದದ್ದು ಸೋದರಮಾವನ ಮನೆಯಲ್ಲಿ. ಅವನು ಕಾಗದದ ಕಾರ್ಖಾನೆಗೆ ಬರುವ ಬಿದಿರನ್ನು ಲಾರಿಯಿಂದ ಇಳಿಸುವ ಕೂಲಿ. ನನ್ನ ಹತ್ತಿರ ಎರಡೇ ಸೀರೆ. ಒಂದು ಒಣಗದಿದ್ದರೆ ಅವತ್ತು ಕಾಲೇಜಿಲ್ಲ. ಹಿಂದಿನ ಬೆಂಚಿನ ಹುಡುಗಿಯರು ನಮ್ಮ ಸಿದ್ದಿಗಳಿಗೆಲ್ಲ ಇರುವ ನನ್ನ ಗುಂಗುರು ಕೂದಲನ್ನು ಪೆನ್ಸಿಲಿನ ತುದಿಯಿಂದ ಮುಟ್ಟಿ ನೋಡುತ್ತಿದ್ದರು. ಕೈಯಿಂದ ಮುಟ್ಟುತ್ತಿರಲಿಲ್ಲ. ನಾನು ತಿರುಗಿ ನೋಡದೆ ಬರೆದುಕೊಳ್ಳುತ್ತಿದ್ದೆ. ಪಾಸಾದೆ, ಹಳಿಯಾಳದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸವೂ ಸಿಕ್ಕಿತು. ಅಪ್ಪ ಚಿಗಳ್ಳಿಯವರೆಗೂ ಹೋಗಿ ಸಿಕ್ಕವರಿಗೆಲ್ಲ ಹೇಳಿ ಬಂದ.

"ಒಬ್ಬಾಕೀನ ಖೋಲಿ ಮಾಡಿಕೊಂಡು ಇರಬ್ಯಾಡ," ಎಂದ ಅಪ್ಪ. "ತಂಗೀನ ಕರಕೊಂಡು ಹೋಗು. ಆಕೀನೂ ನಿನ್ನಂಗ ಸಾಲಿ ಕಲೀತಾಳ."

ತಂಗಿಯ ಓದಿಗಾಗಿ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ. ಇನ್ನರ್ಧವೆಂದರೆ, ಮದುವೆಯಾಗದ ಹೆಣ್ಣು, ಅದರಲ್ಲೂ ನಮ್ಮವಳು, ಪರವೂರಿನಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಮಲಗುವುದಕ್ಕೆ ನನಗೆ ಹೆದರಿಕೆಯಿತ್ತು. ಹತ್ತು ವರ್ಷದ ಅವಳನ್ನು ನನ್ನ ಹೆದರಿಕೆಗೆ ಜೊತೆಯಾಗಿ ಒಯ್ದೆ. ಹೊರಡುವಾಗ ಅವ್ವನ ಕಂಕುಳಲ್ಲಿ ಇನ್ನೊಂದು ಕೂಸಿತ್ತು, ನಮ್ಮ ಮೂರನೆಯವಳು. ಹಾಲು ಕುಡಿಯುತ್ತಲೇ ನಮ್ಮನ್ನು ನೋಡಿತು.

ಹಳಿಯಾಳದಲ್ಲಿ ನಮಗೆ ಸಿಕ್ಕಿದ್ದು ಒಂದು ಮನೆಯ ಹಿಂಬದಿಯ ಖೋಲಿ. ಮಾಲಕಿ ನನ್ನ ಕೂದಲು ನೋಡಿ ಮೊದಲು ಇಲ್ಲವೆಂದಳು, ಬಿ.ಎ. ಎಂದು ತಿಳಿದು, ಬರ್ರಿ ಎಂದಳು. ಅಂದಮೇಲೆ ಆ ಖೋಲಿಯ ಬೀಗದ ಕೈ ನನಗೆ ಕೊಡಿಸಿದ್ದೇ ಪದವಿ. ಅದು ಕೈತಪ್ಪದಂತೆ ಹೇಗಿರಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಮೆತ್ತಗೆ ಮಾತಾಡಬೇಕು, ಬಾವಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದು, ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಬೇಕು.

ಮೊದಲ ದಿನ ಸಂಜೆ ನಾನು ಸ್ಟೋವ್ ಹಚ್ಚುತ್ತಿದ್ದೆ. ಹೊತ್ತು ಮುಳುಗುತ್ತಿತ್ತು. ತಂಗಿ ಹಿತ್ತಲಿನ ಕಟ್ಟೆ ಹತ್ತಿ ನಿಂತಳು. ಎರಡು ಮೊಟಕು, ಒಂದು ಉದ್ದ, ಕೊನೆಗೆ ಒಡೆದು ಮೇಲೇರುವುದು. ಇಡೀ ಓಣಿಗೆ ಕೇಳಿತು. ನಾಯಿಗಳು ಎದ್ದವು. ಮಾಲಕಿಯ ಮನೆಯಲ್ಲಿ ತೊಟ್ಟಿಲ ಕೂಸು ಚೀರಿತು. ಆಚೆ ಮನೆಯ ಮಕ್ಕಳು ಕಿಟಕಿಗೆ ಬಂದು ನಕ್ಕರು, ಒಬ್ಬ ನರಿಯ ಹಾಗೆ ಊಳಿಟ್ಟು ತೋರಿಸಿದ.

ಮಾಲಕಿ ಗಾಬರಿಯಾಗಿ ಬಂದಳು. "ಬಾಯಾರ, ಏನಾತ್ರಿ? ಊರಕಡೆ ಯಾರರ ತೀರಿಕೊಂಡ್ರೇನ್ರಿ?"

"ಇಲ್ರಿ, ಇಲ್ರಿ. ಹುಡುಗಿ ಆಟಾ ಆಡಾಕತ್ತಾಳ."

"ಇದೆಂಥಾ ಆಟಾರೀ? ನಮ್ಮ ಕೂಸು ಬೆಚ್ಚಿಬಿದ್ದೈತಿ. ನಿಮ್ಮ ಕಾಡಿನ್ಯಾಗ ನಡೀತಿದ್ದೀತು, ಇದು ಓಣಿ ಐತಿ ನೋಡ್ರಿ."

ಅವಳು ಕೆಟ್ಟವಳಲ್ಲ. ಆಮೇಲೆ ಎಷ್ಟೋ ಸಲ ನಮಗೆ ಹೋಳಿಗೆ ಕೊಟ್ಟಿದ್ದಾಳೆ. ಆದರೆ ಆ "ಕಾಡಿನ್ಯಾಗ" ಎಂಬ ಒಂದು ಮಾತಿಗೆ ಕಾಲೇಜಿನ ಅಷ್ಟೂ ವರ್ಷಗಳ ಪೆನ್ಸಿಲಿನ ತುದಿಗಳೆಲ್ಲ ಒಮ್ಮೆಲೇ ನನ್ನ ನೆತ್ತಿಗೆ ಚುಚ್ಚಿದವು. ನಾನು ಹಿತ್ತಲಿಗೆ ಹೋಗಿ ತಂಗಿಯ ರಟ್ಟೆ ಹಿಡಿದೆ.

"ಕಾಡಮಂದಿ ಬಂದಾರ ಅಂತ ಊರಿಗೆಲ್ಲಾ ಡಂಗುರಾ ಹೊಡೀತೀಯೇನ? ನಾ ಇಷ್ಟು ಕಲ್ತದ್ದು ಇದಕ್ಕೇನ? ನಡಿ ಒಳಗ."

ಅವಳು ಕಟ್ಟೆಯಿಂದ ಇಳಿಯಲಿಲ್ಲ. ಹಟ ಎಂದುಕೊಂಡೆ. ಹಟವಲ್ಲ, ಅವಳ ಮುಖದಲ್ಲಿ ನಿಜವಾದ ಭಯವಿತ್ತು.

"ಯಾರೂ ತಿರುಗಿ ಕೂಗಲಿಲ್ಲಕ್ಕಾ. ಒಳಗ ಹೆಂಗ ಬರಲಿ?"

ಇಷ್ಟು ಮನೆಗಳಿವೆ, ಇಷ್ಟು ಮಕ್ಕಳಿದ್ದಾರೆ, ಒಂದು ಮಗುವೂ ಉತ್ತರ ಕೊಡುತ್ತಿಲ್ಲ ಎಂದರೆ ಎಲ್ಲರಿಗೂ ಏನೋ ಆಗಿರಬೇಕು ಎಂದು ಅವಳು ತಿಳಿದಿದ್ದಳು. ದೊಡ್ಡವರು ಬಡಿಗೆ ಹಿಡಿದು ಬರುವವರೆಗೆ ಇಳಿಯಬಾರದು, ಅದು ಅವಳಿಗೆ ಗೊತ್ತಿದ್ದ ಕಾಯಿದೆ. ಅದು ನನಗೂ ಗೊತ್ತಿತ್ತು. ಕೇರಿಯಲ್ಲಿ ಆ ಕಾಯಿದೆ ಕಲಿಸಿದವರಲ್ಲಿ ನಾನೂ ಒಬ್ಬಳು. ಆದರೂ ಎಳೆದು ಒಳಗೆ ತಂದೆ. ಎಳೆಯುವಾಗ ಅವಳ ಮೊಣಕಾಲು ಕಟ್ಟೆಗೆ ತರಚಿತು. "ಇನ್ನೊಮ್ಮೆ ಕೂಗಿದ್ರ ಊರಿಗೆ ಕಳಿಸಿಬಿಡ್ತೇನಿ," ಎಂದೆ. ಊರಿಗೆ ಹೋಗುವುದೇ ಅವಳಿಗೆ ಬೇಕಾದದ್ದು. ಅದನ್ನು ಶಿಕ್ಷೆಯೆಂದು ಹೇಳಿದವಳ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು.

ಆಮೇಲೆ ಕೂಗಲಿಲ್ಲ.

ಓದಿನಲ್ಲಿ ಜಾಣೆಯಾದಳು. ಆರು ತಿಂಗಳಲ್ಲಿ ಓಣಿಯ ಮಕ್ಕಳ ಹಾಗೆ ಮಾತಾಡಲು ಕಲಿತಳು, ಮೆತ್ತಗೆ, ತುಟಿಯಿಂದ. ಅಕ್ಷರ ಮುತ್ತಿನಂತೆ ಎಂದು ಅವಳ ಶಾಲೆಯಲ್ಲಿ ಹೊಗಳುತ್ತಿದ್ದರು. ಹೊತ್ತು ಮುಳುಗುವ ಹೊತ್ತಿಗೆ ಸರಿಯಾಗಿ ಅವಳು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ತೊಳೆದ ಪಾತ್ರೆಯನ್ನೇ ತೊಳೆಯುವಳು, ಹಾಸಿದ ಚಾಪೆ ಝಾಡಿಸುವಳು. ಓಣಿಯ ಇತರ ಮಕ್ಕಳೂ ಆ ಹೊತ್ತಿಗೆ ಮನೆಯೊಳಗೇ ಇರುತ್ತಿದ್ದರು, ಟ್ಯೂಶನ್ನಿನ ಮಾಸ್ತರರ ಮುಂದೆ ಮಗ್ಗಿ ಒಪ್ಪಿಸುತ್ತ. ನೋಡಿ ನನಗೆ ಸಮಾಧಾನವಾಗುತ್ತಿತ್ತು. ನನ್ನ ತಂಗಿಯೂ ಅವರಂತೆ ಆಗುತ್ತಿದ್ದಾಳೆ ಎಂದು ಮನೆಗೆ ಪತ್ರ ಬರೆದೆ. ಆ ಪತ್ರವನ್ನು ಅಪ್ಪನಿಗೆ ಓದಿ ಹೇಳಿದವರು ಯಾರೋ, ಅದು ಕೇರಿಯ ಒಂಬತ್ತೂ ಮನೆಗೆ ಮುಟ್ಟಿತು.

ಮೊದಲ ದೀಪಾವಳಿಗೆ ಊರಿಗೆ ಕರೆದೊಯ್ಯುತ್ತೇನೆ ಎಂದಿದ್ದೆ. ಒಯ್ಯಲಿಲ್ಲ. ಹೊಸ ಕೆಲಸ, ರಜೆ ಕೇಳಲು ಸಂಕೋಚ. ಅವಳು ಜುಲುಮೆ ಮಾಡಲಿಲ್ಲ. ಎರಡನೆಯ ವರ್ಷ ಹೋದೆವು. ಭತ್ತಕ್ಕೆ ಹಾಲು ತುಂಬಿತ್ತು. ಬಸ್ಸಿಳಿದು ನಡೆಯುವಾಗ ತಂಗಿ ನನಗಿಂತ ಮುಂದೆ ಮುಂದೆ ಹೋಗುತ್ತಿದ್ದಳು, ಚೀಲವನ್ನೂ ನನಗೇ ಬಿಟ್ಟು. ಗದ್ದೆಗಳು ಕಾಣಿಸಿದ ಮೇಲೆ ನಿಂತಳು.

ಅಟ್ಟಗಳು ಖಾಲಿ ಇದ್ದವು. ಗದ್ದೆಯಿಂದ ಗದ್ದೆಗೆ ಹಗ್ಗ ಬಿಗಿದು ತಗಡಿನ ಚೂರು ಕಟ್ಟಿದ್ದರು. ಗಾಳಿಗೆ ಅವು ಕಿಣಿಕಿಣಿ ಎನ್ನುತ್ತಿದ್ದವು. ಗಿಳಿಗಳು ಅದಕ್ಕೆ ಹೆದರಿದಂತೆ ಕಾಣಲಿಲ್ಲ.

ಅಪ್ಪ ಎದುರಿಗೇ ಬಂದ. ಅವನಿಗೆ ಹೇಳಲು ಅವಸರ. "ಎಲ್ಲಾ ಹುಡುಗರೂ ಹಾಸ್ಟೆಲ್ಲಿಗೆ ಹ್ವಾದ್ರು! ಮುಂಡಗೋಡಕ್ಕ ನಾಲ್ಕು, ದಾಂಡೇಲಿ ಕಡೆ ನಾಲ್ಕು. ಜ್ವರದಾಂವನೂ ಹ್ವಾದ ನೋಡು. ನಿನ್ನ ನೋಡಿ ಕಳಿಸ್ಯಾರ ಎಲ್ಲಾರೂ. ಆಕಿ ಕಲ್ತಳು, ನಮ್ಮಾವ್ರೂ ಕಲೀಲಿ ಅಂತ."

ನನ್ನ ಮೈ ಉಬ್ಬಿತು. ಸುಳ್ಳೇಕೆ ಹೇಳಲಿ, ಆ ಹೊತ್ತಿಗೆ ನನಗೆ ಬರೀ ಖುಷಿಯಾಯಿತು. ಕೂಲಿ ತಪ್ಪುತ್ತದೆ, ಹಸಿವು ತಪ್ಪುತ್ತದೆ, ಇವರಲ್ಲಿ ಒಬ್ಬರಾದರೂ ಕುರ್ಚಿಯ ಮೇಲೆ ಕೂಡುತ್ತಾರೆ ಎಂದೆಲ್ಲ ಅಂದುಕೊಂಡೆ. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಕೇಳಿದರೆ ತಪ್ಪಿಲ್ಲವೆಂದೇ ಹೇಳುತ್ತೇನೆ.

ಸಂಜೆ ಅಪ್ಪ ತಂಗಿಯನ್ನು ಗದ್ದೆಗೆ ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ. "ಹತ್ತವಾ, ಒಂದು ಕೂಗು ಕೂಗು. ಎರಡು ವರ್ಷ ಆತು ಕೇಳಿ," ಎಂದ. ಅವಳು ಅಟ್ಟ ಹತ್ತಿದಳು. ಕೈಗಳನ್ನು ಬಾಯಿಗೆ ಹಿಡಿದಳು. ಹಿಡಿದು, ಕೂಗುವ ಮೊದಲು, ನನ್ನ ಮುಖ ನೋಡಿದಳು.

ಅಪ್ಪನಿಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. "ಕೂಗ, ಕೂಗ. ಇಲ್ಲೆ ಯಾರದಾರ ನಗಾಕ?" ಎಂದೆ.

ಅವಳು ಸುತ್ತಲಿನ ಎಂಟು ಅಟ್ಟಗಳನ್ನು ಒಂದೊಂದಾಗಿ ನೋಡಿದಳು. ಕೈ ಇಳಿಸಿದಳು. "ಹೌದಲ್ಲ, ಯಾರೂ ಇಲ್ಲ," ಎಂದು ಇಳಿದು ಬಂದಳು. ಗಂಟಲು ಕಟ್ಟೈತಿ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ರಾತ್ರಿ ಅವಳಿಗೆ ಶುಂಠಿ ಕಷಾಯ ಕಾಸಿಕೊಟ್ಟ. ಅವಳು ಅದನ್ನು ಪೂರ್ತಿ ಕುಡಿದಳು.

ವರ್ಷಗಳು ಹೋದವು. ತಂಗಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಳು. ಮುಂದೆ ಓದಲು ದಾಂಡೇಲಿಗೆ, ಹಾಸ್ಟೆಲ್ಲಿಗೆ ಹೋಗುವುದೆಂದು ಆಯಿತು. ಹಾಗಾದರೆ ಖೋಲಿಯಲ್ಲಿ ನಾನೊಬ್ಬಳೇ. ಮೂರನೆಯವಳನ್ನು ಕಳಿಸುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದ. ಆಗ ಅವಳಿಗೆ ಏಳು ವರ್ಷ. ನಾನು ಹೂಂ ಎಂದೆ.

ತಂಗಿ ಅವತ್ತು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ನೇರವಾಗಿ ಹೇಳಿದಳು. "ಸಣ್ಣಾಕೀನ ತರಬ್ಯಾಡ."

"ಯಾಕ?"

"ಇನ್ನೂ ಎರಡು ವರ್ಷ ಅವ್ವನ ಕಡೆ ಇರಲಿ. ನಿಂಗ ಜೋಡಿ ಬೇಕಿದ್ರ ಲಗ್ನಾ ಮಾಡಿಕೊ. ಹುಡುಗೀನ ತರಬ್ಯಾಡ."

ಆ ಮಾತು ನನಗೆ ನಾಟಿತು. ಮೂವತ್ತರ ಹತ್ತಿರ ಬಂದಿದ್ದ ನನಗೆ ಬಂದ ಗಂಡುಗಳೆಲ್ಲ, ಇಷ್ಟು ಓದಿದಾಕಿ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ಹೋಗಿದ್ದವು. ಸಿಟ್ಟಿನಿಂದ ಹೇಳಿದೆ, "ತಡಾ ಮಾಡಿ ಸಾಲಿಗೆ ಹಾಕಿದ್ರ ಹಿಂದ ಬೀಳ್ತಾಳ. ನಂಗ ಗೊತ್ತೈತಿ. ಮತ್ತ ಅಲ್ಲೇನೈತಿ ಆಕೀಗೆ? ಜೋಡಿ ಆಡಾಕ ಕೇರಿಯಾಗ ಒಂದು ಕೂಸಿಲ್ಲ."

ತಂಗಿ ನನ್ನನ್ನೇ ನೋಡಿದಳು. "ಅದನ್ನ ನೀನ ಹೇಳ್ತೀಯಲ್ಲ," ಎಂದಳು. ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು.

ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ನಾನು ಹೇಳಿದ್ದೂ ಸರಿಯಿತ್ತು. ಗೊತ್ತಿದ್ದೂ ಸಣ್ಣವಳನ್ನು ತರಿಸಿಕೊಂಡೆ.

ಅಪ್ಪ ಅವಳನ್ನು ಬಿಟ್ಟು ಹೋದ ದಿನ ತಂಗಿ ಇನ್ನೂ ದಾಂಡೇಲಿಗೆ ಹೋಗಿರಲಿಲ್ಲ. ಸಂಜೆಯಾಯಿತು. ಸಣ್ಣವಳು ಹಿತ್ತಲಿಗೆ ಹೋಗಿ ಕಟ್ಟೆಯ ಹತ್ತಿರ ನಿಂತಳು. ಒಳಗೆ ನಾವಿಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟೆವು. ಈ ಸಲ ಮಾಲಕಿ ಬಂದರೆ ಏನು ಹೇಳಬೇಕೆಂದು ನಾನು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ನಮ್ಮ ಹುಡುಗಿ ರೀ, ಕೂಗಲಿ ಬಿಡ್ರಿ ಎನ್ನಬೇಕು. ಬೇಡವೆಂದರೆ ಖೋಲಿ ಬಿಡುತ್ತೇನೆ ಎನ್ನಬೇಕು. ಬಾಗಿಲಿಗೆ ಬಂದು ನಿಂತೇಬಿಟ್ಟೆ.

ಸಣ್ಣವಳು ತಿರುಗಿ ನೋಡಿದಳು. "ಅಕ್ಕಾ, ಮುಂದಿನ ಮನ್ಯಾಗ ಟಿ.ವಿ. ಐತೇನ?"

"ಐತಿ."

"ಎಷ್ಟಕ್ಕ ಹಚ್ತಾರ?"

ಹೇಳಿದೆ. ಅವಳು ಒಳಗೆ ಬಂದು, ಮುಖ ತೊಳೆದು, ತಾನೇ ತಲೆ ಬಾಚಿಕೊಂಡು, ಮಾಲಕಿಯ ಮನೆಯ ಹೊಸ್ತಿಲಲ್ಲಿ ಓಣಿಯ ಮಕ್ಕಳ ಜೊತೆ ಕುಳಿತಳು. ಅವಳಿಗೆ ಯಾರೂ ಕೂಗು ಕಲಿಸಿರಲಿಲ್ಲ. ಖಾಲಿ ಗದ್ದೆಗಳ ನಡುವೆ ಬೆಳೆದ ಕೂಸಿಗೆ ಕಲಿಸುವುದಾದರೂ ಯಾಕೆ? ಓಣಿಗೆ ಅವಳು ಒಂದೇ ದಿನಕ್ಕೆ ಹೊಂದಿಕೊಂಡಳು. ಮಾಲಕಿ, "ಭಾಳ ಸಾದಾ ಹುಡುಗಿ ನೋಡ್ರಿ ಬಾಯಾರ, ಬಂದದ್ದ ಗೊತ್ತಾಗಲಿಲ್ಲ," ಎಂದು ಮೆಚ್ಚಿಕೊಂಡಳು.

ಊರು ಬಿಟ್ಟು ಬಂದದ್ದಕ್ಕೆ ಸಣ್ಣವಳು ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ದಾಂಡೇಲಿಗೆ ಹೊರಡುವವರೆಗಿನ ಎಂಟು ದಿನವೂ ತಂಗಿ ಸಂಜೆಯಾಗುತ್ತಿದ್ದಂತೆ ಅವಳ ಪಕ್ಕಕ್ಕೇ ಹೋಗಿ ಕುಳಿತುಕೊಳ್ಳುತ್ತಿದ್ದಳು. ಇವತ್ತಾದರೂ ಅಳುತ್ತಾಳೇನೋ ಎಂದು ಕಾಯುತ್ತಿದ್ದಳು.